ರುದ್ರಾಕ್ಷಿ ಅಂಗಡಿ ರಿವ್ಯೂ: ಮಣಿ ಒರಿಜಿನಲ್, ಮಾತು ಡೂಪ್ಲಿಕೇಟ್

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಹೆದರಿಕೆ ಅಂತೇನಿಲ್ಲ, ಅಪ್ಪಾಜಿ ಬೇಡ ಅಂದ್ರು, "ಅಲ್ಲಿ ಕೌಂಟರಲ್ಲಿ ನಿಂತಿರೋ ಹುಡುಗ್ರು ಸಂಬಳಕ್ಕಿರೋರು ಬಿಡವ್ವಾ" ಅಂತ. ಅದೂ ಅಲ್ದೆ ಇದೇ ಥರದ ಅಂಗಡಿಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ, ಬೆಳಗ್ಗೆ ಟಿವಿ ಹಾಕಿದ್ರೆ ಭವಿಷ್ಯ ಹೇಳೋರ ಮಧ್ಯೆ ಮಧ್ಯೆ ಇವ್ರದ್ದೇ ಜಾಹೀರಾತು, ಒಂದರ ಹೆಸರು ಹಾಕಿದ್ರೆ ಉಳಿದೋವ್ರು ಒಳ್ಳೇವ್ರು ಅಂದಂಗಾಗುತ್ತೆ.

5ಕ್ಕೆ 2 ಸ್ಟಾರ್. ಒಂದು ಕಾಫಿಗೆ, ನಿಜವಾಗ್ಲೂ ಚೆನ್ನಾಗಿತ್ತು, ಸ್ಟೀಲ್ ಲೋಟದಲ್ಲಿ ಕೊಟ್ರು. ಇನ್ನೊಂದು ಯಾಕೆ ಅಂತ ಕೆಳಗೆ ಬರುತ್ತೆ.

ಅಪ್ಪಾಜಿಗೆ ಈಗ 68. ದಾವಣಗೆರೆ ಕಡೆಯೋರು ನಾವು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿದ್ರು, ಅದು ಕೆಪಿಟಿಸಿಎಲ್ ಆಯ್ತು, ಆಮೇಲೆ 2002ರಲ್ಲಿ ಬೆಸ್ಕಾಂ ಆಯ್ತು, ಮೂರು ಬೋರ್ಡ್ ಕೆಳಗೆ ಸರ್ವಿಸ್ ಮುಗಿಸಿದ್ರು ಆದ್ರೆ ಅಂಗಿ ಜೇಬಿನ ಟೆಸ್ಟರ್ ಮಾತ್ರ ಒಂದೇ, ಇವತ್ತಿಗೂ ಮದುವೆ ಮನೆಗೆ ಹೋಗೋವಾಗ್ಲೂ ಜೇಬಲ್ಲಿರುತ್ತೆ. ಕೊರಳಲ್ಲಿ ಲಿಂಗ, ಬೆಳಗ್ಗೆ ಸ್ನಾನ ಆದ್ಮೇಲೆ ಅರ್ಧ ಗಂಟೆ ಲಿಂಗಪೂಜೆ, ಅದು ಮುಗಿಯೋ ತನಕ ಫೋನ್ ಹೊಡ್ಕೊಂಡ್ರೂ ಎತ್ತಲ್ಲ. ಊರಿನ ಮನೆ ದೇವ್ರ ಜಗಲಿ ಮೇಲೆ ನಮ್ಮಜ್ಜನ ಕಾಲದ ರುದ್ರಾಕ್ಷಿ ಸರ ಒಂದಿದೆ, ಮಣಿಗಳೆಲ್ಲ ಸವೆದು ನುಣುಪಾಗಿ ಕಪ್ಪಗೆ ಹೊಳೀತವೆ. ಅಂದ್ರೆ ರುದ್ರಾಕ್ಷಿ ಅನ್ನೋದು ನಮ್ಮನೇಗೆ ಟಿವಿ ನೋಡಿ ಬಂದಿದ್ದಲ್ಲ.

ಹಾಗಿದ್ಮೇಲೆ ಅಂಗಡಿಗೆ ಯಾಕೆ ಹೋದ್ರು ಅಂತ ಕೇಳ್ತೀರ, ನಾನೂ ಅದನ್ನೇ ಕೇಳ್ದೆ, ಉತ್ತರ ಬರೋಕೆ ಎರಡು ತಿಂಗಳು ಹಿಡೀತು.

ಹೋದ ವರ್ಷ ಅವರಿಗೆ ಬಿಪಿ ಅಂತ ಗೊತ್ತಾಯ್ತು. ಡಾಕ್ಟ್ರು ಅಮ್ಲೋಡಿಪಿನ್ 5 ಬರ್ಕೊಟ್ರು, ದಿನಾ ಒಂದು. ಬೆಂಗಳೂರಿಗೆ ನಮ್ಮನೇಗೆ ಬಂದಾಗ ಮೆಲ್ಲಗೆ ಒಂದು ಕಾಗದ ತೆಗೆದ್ರು, ಟಿವಿ ನೋಡಿ ನಂಬರ್ ಬರ್ಕೊಂಡಿದ್ರು, "ಸುಮ್ನೆ ನೋಡ್ಕೊಂಡು ಬರಾಣ" ಅಂದ್ರು. ಸುಮ್ನೆ ನೋಡ್ಕೊಂಡು ಬರೋಕೆ ಯಾರೂ ಜೇಬಲ್ಲಿ ಇಪ್ಪತ್ತು ಸಾವಿರ ಇಟ್ಕೊಂಡು ಬರಲ್ಲ ಅಂತ ನಂಗೆ ಆಮೇಲೆ ಹೊಳೀತು.

ಅಂಗಡಿ ಏಸಿ, ಗಾಜಿನ ಕೌಂಟರ್, ಒಳಗೆ ಕೆಂಪು ವೆಲ್ವೆಟ್ ಮೇಲೆ ಮಣಿಗಳು, ಒಂದು ಮೂಲೇಲಿ ಊದಿನಕಡ್ಡಿ, ಇನ್ನೊಂದು ಮೂಲೇಲಿ ಕಾರ್ಡ್ ಸ್ವೈಪ್ ಮಷೀನು. ಅಪ್ಪಾಜಿ ಚಪ್ಪಲಿ ಹೊರಗೆ ಬಿಟ್ರು. ಅಲ್ಲಿನ ಹುಡುಗ "ಪರವಾಗಿಲ್ಲ ಅಂಕಲ್ ಹಾಕ್ಕೊಂಡೇ ಬನ್ನಿ" ಅಂದ, ಇವ್ರು ಬಿಟ್ಟೇ ಬಂದ್ರು. ಹುಟ್ಟಿದ ತಾರೀಖು, ನಕ್ಷತ್ರ, ಏನು ತೊಂದ್ರೆ ಅಂತ ಒಂದು ಫಾರಂ ತುಂಬಿಸ್ಕೊಂಡು ಒಳಗಿನ ರೂಮಲ್ಲಿ ಗುರೂಜಿ ಅನ್ನೋರ ಹತ್ರ ಕಳಿಸಿದ್ರು. ಅವ್ರು ಲ್ಯಾಪ್‌ಟಾಪ್ ನೋಡ್ಕೊಂಡು ಎರಡು ಐಟಂ ಹೇಳಿದ್ರು. ಒಂದು ಪಂಚಮುಖಿ ಮಾಲೆ (ಮುಖ ಅಂದ್ರೆ ಮಣಿ ಮೈಮೇಲಿರೋ ಉದ್ದ ಗೆರೆ), 108 ಮಣಿ ಮೇಲೆ ಒಂದು ಮೇರು ಮಣಿ, 5,400 ರೂಪಾಯಿ. ಇನ್ನೊಂದು ಅರ್ಧಚಂದ್ರಾಕಾರದ ಏಕಮುಖಿ, ಬೆಳ್ಳಿ ಕ್ಯಾಪ್ ಸಮೇತ 14,500. ನೋಡೋಕೆ ಥೇಟ್ ಗೋಡಂಬಿ. ಆಮೇಲೆ ವಿಚಾರಿಸಿದಾಗ ಗೊತ್ತಾಯ್ತು, ಈ ವ್ಯಾಪಾರದಲ್ಲಿ ಇದಕ್ಕೆ 'ಕಾಜು ದಾನಾ' ಅಂತ್ಲೇ ಹೆಸರಿದೆ.

ಇಲ್ಲಿಂದ ಡೆಮೋ ಶುರು. ಒಂದು ಗಾಜಿನ ಲೋಟದಲ್ಲಿ ನೀರು, ಮಣಿ ಹಾಕಿದ್ರು, ಮುಳುಗ್ತು, "ನೋಡಿ ಒರಿಜಿನಲ್". ಆಮೇಲೆ ಎರಡು ತಾಮ್ರದ ನಾಣ್ಯ ತಂದು ಮಧ್ಯೆ ಮಣಿ ಇಟ್ಟು ಮೇಲಿಂದ ಹೆಬ್ಬೆರಳಲ್ಲಿ ಒತ್ತಿದ್ರು, ಮಣಿ ಮೆಲ್ಲಗೆ ತಿರುಗ್ತು. ಅಪ್ಪಾಜಿ ಕಣ್ಣು ಅರಳಿಸಿ ನೋಡಿದ್ರು. "ಇದು ಎಲೆಕ್ಟ್ರೋ ಮ್ಯಾಗ್ನೆಟಿಕ್ ಶಕ್ತಿ ಸಾರ್" ಅಂದ ಹುಡುಗ. ಮೂವತ್ತೈದು ವರ್ಷ ಕರೆಂಟ್ ಜೊತೆ ಬದುಕಿದ ಮನುಷ್ಯನ ಮುಂದೆ! ಅಪ್ಪಾಜಿ ಏನೂ ಅನ್ಲಿಲ್ಲ, ಅದೇ ನಂಗೆ ಆಶ್ಚರ್ಯ. ಕೊನೆಗೆ ಲ್ಯಾಬ್ ಸರ್ಟಿಫಿಕೇಟು, ಹಾಲೋಗ್ರಾಂ ಅಂಟಿಸಿದ ಪ್ಲಾಸ್ಟಿಕ್ ಕಾರ್ಡು. ನಾನು ಅಕೌಂಟ್ಸಲ್ಲಿರೋಳು, ಸಣ್ಣ ಅಕ್ಷರ ಓದೋದೇ ಹೊಟ್ಟೆಪಾಡು, ಓದ್ದೆ. ಅದರಲ್ಲಿ ಇದ್ದಿದ್ದು ಇಷ್ಟೇ: ನೈಸರ್ಗಿಕ ಬೀಜ, ಇಷ್ಟು ಮುಖ, ಇಷ್ಟು ಮಿಲಿಮೀಟರ್, ಇಷ್ಟು ಗ್ರಾಂ. ಬಿಪಿ ಬಗ್ಗೆ ಒಂದಕ್ಷರ ಇಲ್ಲ. ಆ ಮಟ್ಟಿಗೆ ಆ ಕಾರ್ಡು ಬಹಳ ಪ್ರಾಮಾಣಿಕವಾದದ್ದು.

ಬಿಪಿ ಬಗ್ಗೆ ಹೇಳಿದ್ದು ಗುರೂಜಿ, ಬಾಯಲ್ಲಿ. 48 ದಿನ ಹಾಕ್ಕೊಳ್ಳಿ, ಎದೆಗೆ ತಾಗಿರ್ಲಿ, ರಕ್ತದೊತ್ತಡ ತಾನಾಗೇ ಹತೋಟಿಗೆ ಬರುತ್ತೆ, "ಮಾತ್ರೆ ಒಂದೇ ಸಲ ನಿಲ್ಲಿಸ್ಬೇಡಿ, ನಿಮ್ಗೇ ಒಳಗಿಂದ ಗೊತ್ತಾಗುತ್ತೆ, ಆಗ ಕಮ್ಮಿ ಮಾಡ್ಕೊಳ್ಳಿ". ನಾನು ಕೇಳ್ದೆ, ಗುರೂಜಿ ಇದನ್ನ ಹಾಕ್ಕೊಂಡ ಎಷ್ಟು ಜನಕ್ಕೆ ಕಮ್ಮಿ ಆಗಿದೆ, ಏನಾದ್ರೂ ಲೆಕ್ಕ ಇಟ್ಟಿದೀರಾ ಅಂತ. ಜಗಳಕ್ಕಲ್ಲ, ಮಿಕ್ಸಿ ತಗೊಳೋವಾಗ ವಾರಂಟಿ ಕೇಳಲ್ವಾ, ಅದೇ ದನೀಲಿ. ಅವ್ರ ಮುಖ ಒಂಚೂರು ಬಿಗೀತು. "ನೋಡಮ್ಮ, ಇದು ನಂಬಿಕೆ ವಿಷಯ. ನಂಬಿ ಧರಿಸಿದ್ರೆ ಮಾತ್ರ ಫಲ. ಪ್ರಶ್ನೆ ಮಾಡೋರಿಗೆ ಶಕ್ತಿ ಕೆಲಸ ಮಾಡಲ್ಲ. ನಿಮ್ಮ ತಂದೆಯವ್ರ ಶ್ರದ್ಧೆಗೆ ಅಡ್ಡ ಬರಬೇಡಿ."

ಎಷ್ಟು ನೀಟಾಗಿದೆ ನೋಡಿ. ಐದು ನಿಮಿಷದ ಹಿಂದೆ ನೀರಿನ ಲೋಟ, ತಾಮ್ರದ ನಾಣ್ಯ, ಲ್ಯಾಬು, ಹಾಲೋಗ್ರಾಂ, ಎಲ್ಲಾ ಪ್ರೂಫೇ. ಪ್ರೂಫ್ ಅವ್ರು ತೋರಿಸೋ ತನಕ ಅದು ವಿಜ್ಞಾನ, ನಾನು ಬಾಯಿ ಬಿಟ್ಟ ತಕ್ಷಣ ಅದು ನಂಬಿಕೆ ಆಗೋಯ್ತು. ಮತ್ತೆ ಫಲ ಸಿಗದಿದ್ರೆ ತಪ್ಪು ಮಣಿದಲ್ಲ, ಅಂಗಡಿದಲ್ಲ, ಸಂಶಯ ಪಟ್ಟ ಗಿರಾಕಿದು. ನನ್ನ ಜೀವನದಲ್ಲಿ ಇಷ್ಟು ಗಟ್ಟಿಯಾದ ನೋ-ರಿಟರ್ನ್ ಪಾಲಿಸಿ ಯಾವ ಶೋರೂಮಲ್ಲೂ ನೋಡಿಲ್ಲ.

ಅಪ್ಪಾಜಿ ದುಡ್ಡು ಎಣಿಸಿ ಕೊಟ್ರು. 19,900. ಬಿಲ್ ಕೇಳಿದ್ದಕ್ಕೆ ಮೊದ್ಲು ಒಂದು ಎಸ್ಟಿಮೇಟ್ ಚೀಟಿ ಕೊಟ್ರು, ನಾನು ಕೂತಿದ್ದ ಜಾಗದಿಂದ ಏಳ್ಲಿಲ್ಲ, ಆಮೇಲೆ ಪ್ರಿಂಟ್ ಆದ ಜಿಎಸ್‌ಟಿ ಬಿಲ್ ಬಂತು. ದಯವಿಟ್ಟು ಯಾರೇ ಏನೇ ತಗೊಂಡ್ರೂ ಬಿಲ್ ಬಿಟ್ಟು ಬರಬೇಡಿ, ದೇವ್ರ ಸಾಮಾನಾದ್ರೂ ಸರಿ. ಮುಂದೆ ಅದೇ ಕೈ ಹಿಡೀತು.

ಇನ್ನು ಬಳಕೆಯ ಅನುಭವ. ಅಪ್ಪಾಜಿ ಊರಿಗೆ ಹೋದ್ರು. ದಿನಾ ಫೋನಲ್ಲಿ ಆರಾಮಿದೀನಿ ಅಂತಿದ್ರು. ಒಂದಿನ ಅಮ್ಮ ಗುಟ್ಟಾಗಿ ಫೋನ್ ಮಾಡಿದ್ಲು, ಮಾತ್ರೆ ಪಟ್ಟಿ ಹಂಗೇ ಇದೆ ಕಣೆ, ಹನ್ನೊಂದು ದಿನದಿಂದ ಒಂದೂ ಕಮ್ಮಿ ಆಗಿಲ್ಲ ಅಂತ. ನಾನು ಇಲ್ಲಿಂದ ಕೂಗಾಡಿ ನಮ್ಮ ಚಿಕ್ಕಪ್ಪನ ಮಗನ್ನ ಕಳಿಸಿ ಕ್ಲಿನಿಕ್ಕಿಗೆ ಕರ್ಕೊಂಡ್ ಹೋಗ್ಸಿದ್ರೆ 172/104. ಡಾಕ್ಟ್ರು ಬೈಲಿಲ್ಲ, ಮಾಲೆ ತೆಗೀರಿ ಅಂತಾನೂ ಅನ್ಲಿಲ್ಲ, "ಇದೂ ಇರ್ಲಿ ಅದೂ ಇರ್ಲಿ ಯಜಮಾನ್ರೇ" ಅಂದ್ರಂತೆ. ಒಳ್ಳೆ ಡಾಕ್ಟ್ರು.

ನಾನು ಶನಿವಾರ ರಾತ್ರಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಬೈಬೇಕು ಅಂತ ರೆಡಿ ಮಾಡ್ಕೊಂಡಿದ್ದೆ. ಇದ್ರ ಮಧ್ಯೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ವಿಷಯ ಹಾಕಿದ್ದೇ ತಪ್ಪಾಗಿತ್ತು, ದೊಡ್ಡಪ್ಪನ ಮಗ, ನಮ್ಮಣ್ಣ, ಶುರು ಮಾಡಿದ್ದ. "ಅವರವರ ನಂಬಿಕೆ ಅವರವರಿಗೆ, ಹಿರಿಯರ ಶ್ರದ್ಧೆ ಪ್ರಶ್ನೆ ಮಾಡೋಕೆ ನೀನ್ಯಾರು, ಬೇರೆ ಧರ್ಮದೋರನ್ನ ಹಿಂಗೆ ಕೇಳ್ತೀಯಾ" ಅಂತ. ಕೊನೇದು ಎಲ್ರೂ ಎಸೆಯೋ ಬಾಣ. ಅಣ್ಣಾ, ಕೇಳ್ತೀನಿ. ನಮ್ಮಾಫೀಸಲ್ಲಿ ಒಬ್ಬರು ಪ್ರಾರ್ಥನೆ ಮಾಡಿದ ಎಣ್ಣೆ ಹಚ್ಚಿದ್ರೆ ಗಡ್ಡೆ ಕರಗುತ್ತೆ ಅಂತ ತಿಂಗಳುಗಟ್ಲೆ ಸ್ಕ್ಯಾನ್ ಮಾಡಿಸ್ದೇ ಕೂತಿದ್ರು, ಅವರನ್ನೂ ಕೇಳಿದ್ದೆ, ಅವರೂ ಹಿಂಗೇ ಸಿಟ್ಟಾಗಿದ್ರು. ಕಾನೂನೂ ಧರ್ಮ ನೋಡಿ ಮಾತಾಡಲ್ಲ. 1954ರದ್ದೇ ಒಂದು ಕಾಯ್ದೆ ಇದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್ ಅಂತ, ತಾಯತ, ಮಂತ್ರ, ಕವಚ ಇಂಥವುಗಳಿಂದ ಕಾಯಿಲೆ ವಾಸಿ ಆಗುತ್ತೆ ಅಂತ ಜಾಹೀರಾತು ಕೊಡೋ ಹಾಗಿಲ್ಲ. ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ, ಬಿಪಿ ಅದರಲ್ಲಿದೆ, ಶುಗರ್ ಇದೆ, ಕ್ಯಾನ್ಸರ್ ಇದೆ. ಅಂಗಡಿಯೋರು ಪಾಂಪ್ಲೆಟಲ್ಲಿ 'ಮನಶ್ಶಾಂತಿ, ಆರೋಗ್ಯ, ಸಮೃದ್ಧಿ' ಅಂತ ಮಾತ್ರ ಹಾಕಿ ಬಿಪಿ ವಿಷ್ಯ ಬಾಯಲ್ಲಿ ಮಾತ್ರ ಯಾಕೆ ಹೇಳ್ತಾರೆ ಅಂತ ಈಗ ಅರ್ಥ ಆಯ್ತಲ್ಲ, ಬರೆದ್ರೆ ಸಾಕ್ಷಿ ಉಳಿಯುತ್ತೆ. ಇನ್ನು ನಮ್ಮ ರಾಜ್ಯದ್ದೇ 2017ರ ಮೌಢ್ಯ ನಿಷೇಧ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ, ಎಂಜಲೆಲೆ ಮೇಲೆ ಉರುಳೋದು ಅಂಥದ್ದೆಲ್ಲ ನಿಂತಿದ್ದು ಅದರಲ್ಲಿ, ಆದ್ರೆ ಜ್ಯೋತಿಷ್ಯ ವಾಸ್ತು ಸಲಹೆ ಕೊಡೋರನ್ನ ಅದರಿಂದ ಹೊರಗಿಟ್ಟಿದ್ದಾರೆ. ಒಳಗಿನ ರೂಮು, ಲ್ಯಾಪ್‌ಟಾಪು, ಗುರೂಜಿ ಸೇಫು.

ಅಣ್ಣ ಆಮೇಲೆ ಸಂವಿಧಾನ ತಂದ, 25ನೇ ವಿಧಿ, ಧಾರ್ಮಿಕ ಸ್ವಾತಂತ್ರ್ಯ. ಆ ವಿಧಿ ಪೂರ್ತಿ ಓದಣ್ಣ ಅಂದೆ, ಶುರುವಾಗೋದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಅಂತ. ಆರೋಗ್ಯ ಅನ್ನೋ ಪದ ಅಲ್ಲೇ ಕೂತಿದೆ. ಅದಕ್ಕೆ ಅವನು ಕೈಮುಗಿಯೋ ಇಮೋಜಿ ಹಾಕಿ ಗ್ರೂಪಿಂದ ಎರಡು ದಿನ ಮಾಯ.

ಸರಿ, ಭಾನುವಾರ ಬೆಳಗ್ಗೆ ಊರು ತಲುಪಿದ್ರೆ ಅಪ್ಪಾಜಿ ಪೂಜೆಗೆ ಕೂತಿದ್ರು. ಅರ್ಧ ಗಂಟೆ ಬಾಯಿ ಮುಚ್ಕೊಂಡು ಕಾದೆ, ಬೈಗುಳ ಎಲ್ಲ ಆರಿಹೋಯ್ತು. ಎದ್ದು ಬಂದ್ರು, ವಿಭೂತಿ ಇನ್ನೂ ಹಸಿ. ನಾನು ನೇರವಾಗಿ ಕೇಳ್ಬಿಟ್ಟೆ, "ಅಪ್ಪಾಜಿ, ಆ ಲಿಂಗದಲ್ಲಿ ಏನಿದೆ?" ಮಣಿ ಬಗ್ಗೆ ಕೇಳ್ಬೇಕಂತ ಹೋದೋಳು ಅದನ್ನ ಕೇಳ್ದೆ, ಬಾಯಿಂದ ಬಂದ ಮೇಲೆ ನಂಗೇ ಎದೆ ಧಸಕ್ ಅಂತು, ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಲು.

ಅವ್ರು ಸಿಟ್ಟಾಗ್ಲಿಲ್ಲ. ಕಟ್ಟೆ ಮೇಲೆ ಕೂತ್ಕೊಂಡು ಹೇಳಿದ್ರು, "ಏನೈತಿ ಅಂತ ನಂಗೂ ಗೊತ್ತಿಲ್ಲವ್ವಾ. ಕೈಯಾಗಿಟ್ಕಂಡು ಕುಂತ್ರೆ ಮನಸು ಒಂದ್ ಕಡಿ ನಿಲ್ತತಿ, ಅಷ್ಟು ಗೊತ್ತು. ಕಂಬ ಹತ್ತೋಕೆ ಮುಂಚೆ ಒಂದ್ಸಲ ಲಿಂಗ ಮುಟ್ಕಂತಿದ್ದೆ. ಮೇಲೆ ಹೋಗಿ ಟೆಸ್ಟರ್ ಇಟ್ಟು ನೋಡ್ತಿದ್ದೆ. ಎರಡೂ ಮಾಡ್ತಿದ್ದೆ. ಲಿಂಗ ಮುಟ್ಕಂಡೀನಿ ಅಂತ ಯಾವತ್ತೂ ಟೆಸ್ಟರ್ ಬಿಟ್ಟೋನಲ್ಲ."

"ಮತ್ತೆ ಈ ಸಲ ಯಾಕೆ ಬಿಟ್ರಿ?"

ಬಹಳ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು, ಇವ್ರ ಜೊತೆ ಕಂಬ ಹತ್ತುತ್ತಿದ್ದ ಒಬ್ರಿಗೆ ಲಕ್ವಾ ಹೊಡೆದಿದೆ, ಅವ್ರೂ ಬಿಪಿ ಮಾತ್ರೆ ತಗೊಂತಿದ್ರು. ನೋಡೋಕೆ ಹೋದಾಗ ಇವರನ್ನ ನೋಡಿ ಏನೋ ಹೇಳೋಕೆ ಹೋಗಿ ಬಾಯಿ ತಿರುಗ್ಲಿಲ್ವಂತೆ. ಮಾತ್ರೆ ತಗೊಂಡ್ರೂ ಹಿಂಗಾಗುತ್ತಲ್ಲ ಅಂತ ಅವತ್ತಿಂದ ರಾತ್ರಿ ನಿದ್ದೆ ಇಲ್ಲ. "ಅದು ನಂಬಿಕೆ ಅಲ್ಲವ್ವಾ, ಹೆದ್ರಿಕಿ" ಅಂದ್ರು. ಆ ಸ್ನೇಹಿತರು ಮಾತ್ರೇನ ಸರಿಯಾಗಿ ತಗೊಂತಿದ್ರೋ ಇಲ್ವೋ, ಬೇರೆ ಏನೇನಿತ್ತೋ ಯಾರಿಗೆ ಗೊತ್ತು. ಹೆದ್ರಿದ ಮನುಷ್ಯ ಅಷ್ಟೆಲ್ಲ ಯೋಚ್ನೆ ಮಾಡಲ್ಲ, 48 ದಿನ ಅಂತ ಯಾರಾದ್ರೂ ಗಟ್ಟಿಯಾಗಿ ಒಂದು ಲೆಕ್ಕ ಹೇಳಿದ್ರೆ ಅದನ್ನ ಹಿಡ್ಕೊಳ್ತಾನೆ.

ನಂಗೆ ಈ ವಿಷಯ ಗೊತ್ತಾಗಿದ್ದು ನಾನು ಕೇಳಿದ್ದಕ್ಕೆ. ಶ್ರದ್ಧೆ ಅಂತ ಮರ್ಯಾದೆ ಕೊಟ್ಟು ಸುಮ್ನಿದ್ದಿದ್ರೆ ಗೊತ್ತಾಗ್ತಾನೇ ಇರ್ಲಿಲ್ಲ. ಎರಡು ತಿಂಗಳು ನಾವೆಲ್ಲ, ನಾನೂ ಸೇರಿ, ಅವ್ರ ಹೆದರಿಕೆಗೆ ಭಕ್ತಿ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿದು ನಿಂತಿದ್ವಿ.

ಮಧ್ಯಾಹ್ನ ರೊಟ್ಟಿ ತಿಂದಾದ್ಮೇಲೆ ಅಪ್ಪಾಜಿಗೆ ಹುಮ್ಮಸ್ಸು ಬಂತು. "ಆ ನಾಣ್ಯದ ಆಟ ಮಾಡಾಣ ಬಾ" ಅಂದ್ರು. ಅಂಗಡಿಲೇ ಅವರಿಗೆ ಡೌಟ್ ಇತ್ತಂತೆ, ಕೇಳೋಕೆ ಸಂಕೋಚ. ಲಕ್ಷ್ಮಿ ಪೂಜೆ ಡಬ್ಬಿಯಿಂದ ಎರಡು ಹಳೇ ತಾಮ್ರದ ಕಾಸು ತೆಗೆದ್ರು. ಮಣಿ ಇಟ್ಟು ಒತ್ತಿದ್ರು, ತಿರುಗ್ತು. ಆಮೇಲೆ ಹಿತ್ತಲಿಂದ ಒಂದು ಎಲಚಿ ಬೀಜ ಹುಡುಕಿ ತಂದು ತೊಳೆದು ಒರೆಸಿ ಅದನ್ನ ಮಧ್ಯೆ ಇಟ್ಟು ಒತ್ತಿದ್ರು. ಅದೂ ತಿರುಗ್ತು! ಮೈ ಉಬ್ಬುತಗ್ಗು ಇರೋ ಯಾವ ಬೀಜಾನೂ ಹಿಂಗೆ ಎರಡು ನಾಣ್ಯದ ಮಧ್ಯೆ ಹಿಡಿದ್ರೆ ಬೆರಳಿನ ಒತ್ತಡ ಒಂದು ಕಡೆ ಜಾಸ್ತಿ ಆಗಿ ಜಾರಿ ತಿರುಗುತ್ತೆ. ಅಪ್ಪಾಜಿ ಟೆಸ್ಟರ್ ತೆಗೆದು ನಾಣ್ಯಕ್ಕೆ ಇಟ್ಟು ನನ್ನ ಮುಖ ನೋಡಿದ್ರು, ಲೈಟ್ ಹತ್ಲಿಲ್ಲ. ಅಮ್ಮ ಒಳಗಿಂದ ನಕ್ಕಿದ್ದು ಕೇಳಿಸ್ತು. ನೀರಿಂದೂ ಅಷ್ಟೇ, ಮುಳುಗೋದು ತೇಲೋದು ಸಾಂದ್ರತೆ ಮೇಲೆ, ಚೆನ್ನಾಗಿ ಒಣಗಿದ ಅಸಲಿ ಮಣಿ ತೇಲಬಹುದು, ಗಟ್ಟಿ ಮರದಲ್ಲಿ ಕೆತ್ತಿದ ನಕಲಿ ಮುಳುಗಬಹುದು. ಜಗಲಿ ಮೇಲಿಂದ ಅಜ್ಜನ ಸರದ್ದು ಒಂದು ಮಣಿ ಹಾಕಿ ನೋಡೋಣ ಅಂದಿದ್ದಕ್ಕೆ ಮಾತ್ರ ಅಮ್ಮ ಒಪ್ಲಿಲ್ಲ. ಅದನ್ನ ನಾವೂ ಒತ್ತಾಯ ಮಾಡ್ಲಿಲ್ಲ, ಅದನ್ನ ಯಾರೂ ನಮಗೆ ಬಿಪಿಗೆ ಅಂತ ಮಾರಿರ್ಲಿಲ್ಲ.

ಅಸಲಿ ಮಣಿ ಅಂತ ನಿಜವಾಗ್ಲೂ ಗೊತ್ತಾಗ್ಬೇಕಂದ್ರೆ ಎಕ್ಸ್‌ರೇ ತೆಗೆಸ್ಬೇಕು, ಇಲ್ಲಾ ಅಡ್ಡಕ್ಕೆ ಕೊಯ್ಬೇಕು. ಎಷ್ಟು ಮುಖ ಇದೆಯೋ ಒಳಗೆ ಸಾಮಾನ್ಯವಾಗಿ ಅಷ್ಟು ಕೋಣೆ ಇರುತ್ತೆ. ಹೊರಗಡೆ ಗೆರೆ ಕೆತ್ತಿ ಮುಖ ಜಾಸ್ತಿ ಮಾಡಬಹುದು, ಒಳಗೆ ಕೋಣೆ ಕೆತ್ತೋಕಾಗಲ್ಲ. ಅಪ್ಪಾಜಿ ಮಾಲೆಯಿಂದ ಒಂದು ಮಣಿ ಬಿಚ್ಚಿ ಕಟಿಂಗ್ ಪ್ಲೇಯರಲ್ಲಿ ಹಿಡಿದು ಹ್ಯಾಕ್ಸಾ ಬ್ಲೇಡ್ ಹಾಕಿದ್ರು. ಅಮ್ಮ "ಶಿವ ಶಿವಾ, ರುದ್ರಾಕ್ಷಿ ಕೊಯ್ಯೋದಾ" ಅಂತ ಕೆನ್ನೆ ಬಡ್ಕೊಂಡ್ಲು. ಕಲ್ಲಿನಷ್ಟು ಗಟ್ಟಿ, ಮೂರು ಸಲ ಬ್ಲೇಡ್ ಜಾರ್ತು, ಕೆಂಪಗೆ ಪುಡಿ ಉದುರ್ತಾ ಇತ್ತು, ನ್ಯೂಸ್ ಪೇಪರ್ ಮೇಲೆ. ಕೊನೆಗೆ ಎರಡು ಹೋಳು. ಒಳಗೆ ನಕ್ಷತ್ರದ ಥರ ಐದು ಕೋಣೆ, ಎರಡರಲ್ಲಿ ಅಕ್ಕಿ ನುಚ್ಚಿನಷ್ಟು ಬೀಜ. ಅಪ್ಪಾಜಿ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಎಣಿಸಿದ್ರು, ಒಂದು, ಎರಡು, ಐದು. "ಅಸಲಿನೇ ಐತಲ್ಲ!" ಅಂದ್ರು, ದನೀಲಿ ಖುಷಿನೂ ಇತ್ತು, ಒಂಚೂರು ನಿರಾಸೆನೂ ಇತ್ತು ಅನ್ಸುತ್ತೆ, ನಕಲಿ ಆಗಿದ್ರೆ ಬೈಯೋಕೆ ಸುಲಭ ಇತ್ತಲ್ಲ.

ಎರಡನೇ ಸ್ಟಾರು ಇದಕ್ಕೆ. ಮಾಲೆ ಒರಿಜಿನಲ್. ರೇಟು ಮಾತ್ರ ಜಾಸ್ತಿ. ಪಂಚಮುಖಿನೇ ಎಲ್ಲಕ್ಕಿಂತ ಹೆಚ್ಚು ಸಿಗೋದು, ಇಂಡೋನೇಷ್ಯಾದ ಜಾವಾ ಕಡೆಯಿಂದ ಬರೋ ಸಣ್ಣ ಮಣಿ ಮಾಲೆ ಜಾತ್ರೇಲಿ ಕೆಲವು ನೂರಕ್ಕೆ ಸಿಗುತ್ತೆ, ನೇಪಾಳದ್ದು ದಪ್ಪ, ಅದಕ್ಕೆ ರೇಟು ಹೆಚ್ಚು, ನಮಗೆ ಕೊಟ್ಟಿದ್ದು ಸಣ್ಣದೇ. ಏಕಮುಖಿ ಕೊಯ್ದು ನೋಡಾಣ ಅಂದೆ, ಅಪ್ಪಾಜಿ ಒಪ್ಲಿಲ್ಲ. ಭಕ್ತಿಯಿಂದಲ್ಲ, ಹದಿನಾಲ್ಕೂವರೆ ಸಾವಿರ.

ಸಂಜೆ ಕಟ್ಟೆ ಮೇಲೆ ಕೂತು ಅಪ್ಪಾಜಿ ಮೂಡಲ್ಲಿ ಬಂದು ಹಳೇ ಕಥೆ ತೆಗೆದ್ರು. ಇವರಿಗೆ ಇಪ್ಪತ್ತು ವರ್ಷ ಇದ್ದಾಗ, 1976ರಲ್ಲಿ, ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ದ ಎಚ್. ನರಸಿಂಹಯ್ಯನವ್ರು ಪವಾಡಗಳನ್ನ ತನಿಖೆ ಮಾಡೋಕೆ ಅಂತ ಒಂದು ಸಮಿತಿ ಮಾಡಿದ್ರು. ಪುಟ್ಟಪರ್ತಿ ಸಾಯಿಬಾಬಾ ಅವರಿಗೆ ಪತ್ರ ಬರೆದು ನಮ್ಮ ಮುಂದೆ ಮಾಡಿ ತೋರಿಸಿ ಅಂತ ಕೇಳಿದ್ರು, ಉತ್ತರ ಬರ್ಲಿಲ್ಲ. ಉಂಗುರ ಬೇಡ, ಕುಂಬಳಕಾಯಿ ಸೃಷ್ಟಿ ಮಾಡಿ, ಅದನ್ನ ತೋಳಲ್ಲಿ ಬಚ್ಚಿಡೋಕಾಗಲ್ಲ ಅನ್ನೋ ಮಾತು ಊರೂರಲ್ಲಿ ಚಹಾ ಅಂಗಡಿ ಮಾತಾಗಿತ್ತಂತೆ. ಅರ್ಧ ಊರು ಆ ಕಡೆ ಅರ್ಧ ಊರು ಈ ಕಡೆ. "ನೀವು ಯಾವ ಕಡೆ ಇದ್ರಿ?" ಅಂದೆ. "ನಮ್ಮಪ್ಪನ ಮುಂದೆ ಆ ಕಡೆ, ಚಾ ಅಂಗಡಿಯಾಗೆ ಈ ಕಡೆ" ಅಂದ್ರು. ತಮಾಷೆ ಏನಂದ್ರೆ ಸಂವಿಧಾನದಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸ್ಕೊಳ್ಳೋದು ಪ್ರಜೆಯ ಕರ್ತವ್ಯ ಅಂತ ಸೇರಿಸಿದ್ದೂ ಅದೇ 1976ರ 42ನೇ ತಿದ್ದುಪಡಿಯಲ್ಲಿ. ಸಮಿತಿ ಮುಂದಿನ ವರ್ಷವೇ ಮುಗೀತು, ಕರ್ತವ್ಯ ಪುಸ್ತಕದಲ್ಲಿದೆ.

ಅಣ್ಣನ ಮೆಸೇಜ್ ತೋರಿಸ್ದೆ. ಹಿರಿಯರನ್ನ ಪ್ರಶ್ನೆ ಮಾಡ್ಬಾರ್ದಂತೆ ಅಂದೆ. ಅಪ್ಪಾಜಿ ಓದಿ ನಕ್ಕರು. "ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಏನು ಹೂವಿನ ಹಾರ ಹಾಕಿ ಕರ್ಕಂಡ್ರಾ? ಎಲ್ಲಾ ಬಿಟ್ಟೀನಿ ಅಂತೀಯ, ಮತ್ಯಾಕೆ ಕೂದಲಾಗೆ ಮೈ ಮುಚ್ಕಂಡೀಯ ಅಂತ ತುಂಬಿದ ಸಭೆಯಾಗೆ ಕೇಳಿದ್ರು. ಆಯಮ್ಮ ಅತ್ಕಂತ ಹೋಗ್ಲಿಲ್ಲ, ನಿಂತು ಉತ್ರ ಕೊಟ್ಲು. ನಮ್ಮ ಲಿಂಗಾಯತರ ಎಂಟು ರಕ್ಷೆ, ಅಷ್ಟಾವರಣದಾಗೆ ರುದ್ರಾಕ್ಷಿ ಐತಿ, ನಿಜ. ಅದರ ಪಕ್ಕ ಬಿಪಿ ಅಂತ ಎಲ್ಲೂ ಬರ್ದಿಲ್ಲ." ಇದನ್ನ ಗ್ರೂಪಲ್ಲಿ ಹಾಕ್ಲಾ ಅಂದೆ, ಬೇಡ ಅಂದ್ರು.

ಆದ್ರೆ ನಾನು ಗೆದ್ದೆ ಅಂತ ಬೀಗ್ತಾ ಇದ್ದಾಗ್ಲೇ ಅವ್ರು ಒಂದು ಕೇಳಿದ್ರು. "ಅದ್ಸರಿ, ಹೊಸ ಸ್ಕೂಟಿ ತಗಂಡಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆಲ್ಲ, ಯಾಕೆ?" ನಾನು ಎಲ್ಲರೂ ಇಡ್ತಾರೆ ಅಂದೆ. "ಎಲ್ರೂ ಇಡ್ತಾರೆ ಅಂತ ಇಟ್ಯಾ, ಆಕ್ಸಿಡೆಂಟ್ ಆಗಲ್ಲ ಅಂತ ಇಟ್ಯಾ?" ಮನಸ್ಸಿಗೆ ಸಮಾಧಾನ ಅಂದೆ. "ಸಮಾಧಾನ ಆದ್ರೆ ಇನ್ಶೂರೆನ್ಸ್ ಯಾಕೆ ಕಟ್ಟಿದಿ?" ನಂಗೆ ಸಿಟ್ಟು ಬಂತು ಕಣ್ರೀ. ನಿಜವಾಗ್ಲೂ ಕಿವಿ ಬಿಸಿ ಆಯ್ತು, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಎದ್ದು ಒಳಗೆ ಹೋದೆ. ಬೆಳಗ್ಗೆ ನಾನು ಲಿಂಗದ ಬಗ್ಗೆ ಕೇಳಿದಾಗ ಅವ್ರು ಕಟ್ಟೆ ಮೇಲೆ ಕೂತು ಉತ್ತರ ಹೇಳಿದ್ರು, ನಾನು ಹತ್ತು ರೂಪಾಯಿ ನಿಂಬೆಹಣ್ಣಿಗೆ ಎದ್ದು ಹೋದೆ. ಯಾರ ನಂಬಿಕೆ ಗಟ್ಟಿ ಅಂತ ನೀವೇ ಹೇಳಿ. ಇನ್ನೂ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಮುಂದಿನ ಗಾಡಿಗೆ ಇಡ್ತೀನೋ ಇಲ್ವೋ ಅದೂ ಗೊತ್ತಿಲ್ಲ.

ರಿಟರ್ನ್ ಅನುಭವ, ಇದು ಮುಖ್ಯ, ತಗೊಳೋರು ಓದಿ. ಬೆಂಗಳೂರಿಗೆ ವಾಪಸ್ ಬಂದು ಏಕಮುಖಿ ಹಿಡ್ಕೊಂಡು ಅಂಗಡಿಗೆ ಹೋದೆ. ಈ ಸಲ ಕಾಫಿ ಇಲ್ಲ. ಪ್ರಾಣಪ್ರತಿಷ್ಠೆ ಮಾಡಿ ಕೊಟ್ಟಿದ್ದು, ವಾಪಸ್ ತಗೊಂಡ್ರೆ ದೋಷ ಅಂದ್ರು. ಯಾರಿಗೆ ದೋಷ ಅಂದೆ, ನಿಮಗೇ ಅಂದ್ರು, ಪರವಾಗಿಲ್ಲ ನಾನು ತಗೊಳ್ತೀನಿ ದುಡ್ಡು ಕೊಡಿ ಅಂದೆ. ಆಮೇಲೆ ಮ್ಯಾನೇಜರ್ ಬಂದು ಧಾರ್ಮಿಕ ಭಾವನೆಗೆ ಧಕ್ಕೆ ತರೋ ಹಾಗೆ ಮಾತಾಡಬೇಡಿ ಮೇಡಂ ಅಂದ್ರು. ಯಾರ ಭಾವನೆ? ಅಲ್ಲಿದ್ದಿದ್ದು ನಾನು, ಅವ್ರು, ಕ್ಯಾಲ್ಕುಲೇಟರು. ಭಕ್ತಿ ಇರೋ ಅಪ್ಪಾಜಿಗೆ ಇಡೀ ದಿನ ಕೇಳಿದ್ರೂ ಧಕ್ಕೆ ಆಗ್ಲಿಲ್ಲ, ಮಾರೋರಿಗೆ ಒಂದೇ ಪ್ರಶ್ನೆಗೆ ಆಗೋಯ್ತು.

ವಾದ ಮಾಡ್ಲಿಲ್ಲ. ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ಬಿಲ್ ನಂಬರ್ ಹೇಳ್ದೆ, ಏನು ಹೇಳಿ ಮಾರಿದ್ರು ಅಂತ ಹೇಳ್ದೆ. ಕೆಲವು ದಿನ ಬಿಟ್ಟು ಅಂಗಡಿಯಿಂದಾನೇ ಫೋನ್ ಬಂತು, ಬೆಳ್ಳಿ ಕ್ಯಾಪು ಮತ್ತೆ 'ಪೂಜಾ ಖರ್ಚು' ಮುರ್ಕೊಂಡು 11,200 ವಾಪಸ್. ಪೂಜಾ ಖರ್ಚಿಗೆ ಬಿಲ್ ಕೇಳಿದೆ, ಕೊಡ್ಲಿಲ್ಲ. ಅಲ್ಲಿಗೆ ಬಿಟ್ಟೆ, ಓಡಾಡಿ ಸಾಕಾಗಿತ್ತು.

ಈಗಿನ ಸ್ಥಿತಿ: ಮಾತ್ರೆ ದಿನಾ ನಡೀತಿದೆ, ಅಮ್ಮ ಪಟ್ಟಿ ಎಣಿಸ್ತಾಳೆ. ಹೋದ ವಾರ 136/84. ಮಾಲೆ ಅಪ್ಪಾಜಿ ಕೊರಳಲ್ಲೇ ಇದೆ, ಒಂದು ಮಣಿ ಕಮ್ಮಿ, ನಾನೇ ದಾರ ಪೋಣಿಸಿ ಕೊಟ್ಟೆ, ಯಾಕೆ ಹಾಕ್ಕೋತೀರ ಅಂದ್ರೆ "ಚೆಂದ ಐತಿ, ತಂಪೈತಿ" ಅಂತಾರೆ. ಕೊಯ್ದ ಹೋಳು ಟಿವಿ ಪಕ್ಕ ಒಂದು ಬಟ್ಲಲ್ಲಿದೆ, ಮನೆಗೆ ಬಂದೋರಿಗೆಲ್ಲ ತೋರಿಸಿ ಐದು ಕೋಣೆ ಎಣಿಸ್ತಾರೆ. ಲಕ್ವಾ ಆದ ಸ್ನೇಹಿತರ ಮನೆಗೆ ವಾರಕ್ಕೆರಡು ಸಲ ಹೋಗಿ ಕೂತ್ಕೊಂಡು ಬರ್ತಾರೆ.

ಮೊನ್ನೆ ನಾನು ಊರಲ್ಲಿದ್ದಾಗ ಅಂಗಡಿಯಿಂದ ಅಪ್ಪಾಜಿ ಫೋನಿಗೆ ಕಾಲ್ ಬಂತು, ಹಳೇ ಗ್ರಾಹಕರಿಗೆ ಸಪ್ತಮುಖಿ ಮೇಲೆ 20% ಡಿಸ್ಕೌಂಟ್ ಅಂತೆ. ನಾನು ಕಟ್ ಮಾಡಿ ಅಂದೆ. ಅಪ್ಪಾಜಿ ಸ್ಪೀಕರ್ ಹಾಕಿ ಪೂರ್ತಿ ಕೇಳಿಸ್ಕೊಂಡ್ರು, ಆ ಹುಡುಗಿ ಪಾಪ ಒಂದೇ ಉಸಿರಲ್ಲಿ ಶನಿ, ಸಾಲ, ಸಕ್ಕರೆ ಕಾಯಿಲೆ ಎಲ್ಲ ಹೇಳಿ ಮುಗಿಸಿದ್ಲು. "ಊಟ ಆಯ್ತೇನವ್ವಾ?" ಅಂದ್ರು ಅಪ್ಪಾಜಿ. ಆಯ್ತು ಅಂಕಲ್ ಅಂದ್ಲು. "ನೀನು ಯಾವ ಮುಖಿ ಹಾಕ್ಕಂಡೀಯ?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ನಮ್ಗೆಲ್ಲ ಅಷ್ಟು ದುಡ್ಡೆಲ್ಲಿಂದ ಬರ್ಬೇಕು ಅಂಕಲ್."